ಜಾಂಬೋಟಿಯೋ, ಗೊಡಚಿನಮಲ್ಕಿಯೋ, ಬಾದಾಮಿಯೋ? ಗ್ರ್ಯಾವೆಲ್ ಸೈಕಲ್ಲಿಗೆ ಯಾವ ದಾರಿ

ಬೆಳಗಾವಿಯಲ್ಲಿ ಹೊಸದಾಗಿ ಗ್ರ್ಯಾವೆಲ್ ಬೈಕ್ ತಗೊಂಡವರು ಕೇಳುವ ಪ್ರಶ್ನೆ ಒಂದೇ. ಜಾಂಬೋಟಿ ಕಡೆ ಹೋಗೋದಾ, ಗೊಡಚಿನಮಲ್ಕಿ ಇರುವ ಗೋಕಾಕ ಕಡೆ ಹೋಗೋದಾ, ಇಲ್ಲಾ ಸೈಕಲ್ಲನ್ನು ಗಾಡಿ ಮೇಲೆ ಕಟ್ಟಿಕೊಂಡು ಬಾದಾಮಿಗೇ ಹೋಗಿಬಿಡೋದಾ? ಮೂರೂ ಕಡೆ ಬೇರೆ ಬೇರೆ ಕಾಲದಲ್ಲಿ ತುಳಿದು ನೋಡಿದ್ದೇನೆ. ಫೋಟೋ ನೋಡಿ ದಾರಿ ಆರಿಸಬೇಡಿ, ಮಣ್ಣು ನೋಡಿ ಆರಿಸಿ. ಜಾಂಬೋಟಿಯದು ಜಂಬಿಟ್ಟಿಗೆ, ಗೋಕಾಕದ್ದು ಎರೆ (ಅಂಟುವ ಕಪ್ಪು ಮಣ್ಣು), ಬಾದಾಮಿಯದು ಮರಳುಗಲ್ಲು. ಒಂದರ ಮೇಲೆ ಓಡಿದ ಹಾಗೆ ಇನ್ನೊಂದರ ಮೇಲೆ ಸೈಕಲ್ ಓಡಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ಟಗರಿನ ಕೊಂಬಿನ ಹಾಗೆ ಹ್ಯಾಂಡಲ್ ಬಾಗಿರುತ್ತೆ, ಆದರೆ ಟೈರ್ ರೋಡ್ ಬೈಕಿಗಿಂತ ದಪ್ಪ, ಅದೇ ಗ್ರ್ಯಾವೆಲ್ ಬೈಕ್. ಡಾಂಬರಿನ ಮೇಲೂ ಓಡುತ್ತೆ, ಖಡಿ ರಸ್ತೆಯಲ್ಲೂ ಓಡುತ್ತೆ. ನನ್ನದು ಸ್ಟೀಲ್ ಫ್ರೇಮ್, 40 ಮಿಲಿಮೀಟರ್ ಟೈರ್, ಟ್ಯೂಬ್‌ಲೆಸ್. ಜೊತೆಗೆ ಬರುವ ಗೆಳೆಯನದು ಮೌಂಟನ್ ಬೈಕ್, ಹಾಗಾಗಿ ಕಲ್ಲಿನ ದಾರಿ ಬಂದಾಗೆಲ್ಲ ಅವನು ನನ್ನನ್ನು ನೋಡಿ ನಗುತ್ತಾನೆ, ಡಾಂಬರು ಬಂದಾಗ ನಾನು ಅವನನ್ನು ನೋಡಿ ನಗುತ್ತೇನೆ.

ಮೊದಲು ಜಾಂಬೋಟಿ. ಪೀರನವಾಡಿ, ಕಿಣಯೆ ದಾಟಿ ಹೋಗುವ ದೊಡ್ಡ ರಸ್ತೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುತ್ತೆ. ಆ ರಸ್ತೆಯಲ್ಲಿ ಸೈಕಲ್ ತುಳಿಯೋದು ನನಗೆ ಇಷ್ಟ ಇಲ್ಲ. ಶನಿವಾರ ಬೆಳಿಗ್ಗೆ ಗೋವಾ ಮುಟ್ಟುವ ಅವಸರದಲ್ಲಿ ಇರುವ ಕಾರುಗಳಿಗೆ ನಾವು ಕಣ್ಣಿಗೇ ಬೀಳಲ್ಲ. ಮಜಾ ಇರೋದು ಜಾಂಬೋಟಿಯಿಂದ ಆಚೆ, ಕಣಕುಂಬಿವರೆಗೆ ಎಡಕ್ಕೆ ಬಲಕ್ಕೆ ಒಡೆಯುವ ಸಣ್ಣ ದಾರಿಗಳಲ್ಲಿ. ಚಾಪೋಲಿ, ಚಿಖಲೆ, ಪಾರವಾಡದಂಥ ಊರುಗಳಿಗೆ ಹೋಗುವ ಆ ದಾರಿಗಳಲ್ಲಿ ಅರ್ಧ ಡಾಂಬರು, ಅರ್ಧ ಕೆಂಪು ಮೊರಂ (ಗರಸು ಮಣ್ಣು), ಎರಡೂ ಬದಿಗೆ ಕಾಡು. ಕಣಕುಂಬಿಯ ಮಾವುಲಿ ಗುಡಿ ಹತ್ತಿರ ಮಲಪ್ರಭಾ ಹುಟ್ಟುತ್ತಾಳೆ. ಇದೇ ಹೊಳೆ ಮುಂದೆ ಬಾದಾಮಿ ಸುತ್ತಿನಲ್ಲಿ ಮತ್ತೆ ಸಿಗುತ್ತೆ, ಅಲ್ಲಿ ಅದರ ಅವತಾರವೇ ಬೇರೆ.

ಜಂಬಿಟ್ಟಿಗೆ ಮಣ್ಣಿನ ಒಳ್ಳೆ ಗುಣ ಅಂದ್ರೆ ನೀರು ನಿಲ್ಲಲ್ಲ. ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಗಟ್ಟಿಯಾಗಿ ಕೂತುಬಿಡುತ್ತೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಈ ದಾರಿಗೆ ಸಮ ಇಲ್ಲ. ಫೆಬ್ರವರಿ ದಾಟಿದ ಮೇಲೆ ಅದೇ ಮಣ್ಣು ಕಳಚಿ ಬಟಾಣಿ ಗಾತ್ರದ ದುಂಡು ಹರಳಾಗುತ್ತೆ. ಇಳುಕಲಿನಲ್ಲಿ ಮುಂದಿನ ಬ್ರೇಕ್ ಸ್ವಲ್ಪ ಜಾಸ್ತಿ ಒತ್ತಿದರೂ ಚಕ್ರ ಪಕ್ಕಕ್ಕೆ ಜಾರುತ್ತೆ. ಹಿಂದಿನ ಬ್ರೇಕ್ ಹಿಡಿದು, ಮೈ ಹಿಂದಕ್ಕೆ ಹಾಕಿ, ಬಿಟ್ಟೂ ಬಿಡದೆ ಇಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಮಳೆ ಸುರಿಯುವ ಜಾಗ ಅದು. ಜಿಗಣೆ, ಮಂಜು, ಪಾಚಿ ಕಟ್ಟಿದ ಡಾಂಬರು.

ಇನ್ನೊಂದು ವಿಷಯ, ಇದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ. ಪಕ್ಕದಲ್ಲೇ ಭೀಮಗಡ ವನ್ಯಜೀವಿಧಾಮ ಇದೆ, 2011ರಲ್ಲಿ ಘೋಷಣೆ ಆಗಿದ್ದು. ಮೊಬೈಲ್ ನಕಾಶೆಯಲ್ಲಿ ಅದರೊಳಗೆ ಚಂದದ ಕಚ್ಚಾ ದಾರಿ ಕಾಣುತ್ತೆ, ಹಾಗಂತ ನುಗ್ಗೋ ಹಾಗಿಲ್ಲ. ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರಗಿನ ಊರುಗಳ ದಾರಿಯಲ್ಲೂ ಕರಡಿ, ಕಾಡುಕೋಣ ಓಡಾಡುತ್ತವೆ. ಸೈಕಲ್ಲಿಗೆ ಸದ್ದಿಲ್ಲ, ಅದೇ ತೊಂದರೆ. ತಿರುವಿನಲ್ಲಿ ಕೋಣಕ್ಕೂ ನಿಮಗೂ ಒಟ್ಟಿಗೇ ಗೊತ್ತಾಗುತ್ತೆ. ನಾವು ತಿರುವಿಗೊಮ್ಮೆ ಗಂಟೆ ಬಾರಿಸುತ್ತೇವೆ, ನಾಲ್ಕೂವರೆಗೆಲ್ಲ ದೊಡ್ಡ ರಸ್ತೆಗೆ ಬಂದುಬಿಡುತ್ತೇವೆ. ದಾರಿಯಲ್ಲಿ ಊಟ ಸಿಗುತ್ತೆ ಅಂತ ನೆಚ್ಚಿಕೊಳ್ಳಬೇಡಿ, ಜಾಂಬೋಟಿ ಬಿಟ್ಟರೆ ಚಹಾ ಸಿಕ್ಕರೆ ಪುಣ್ಯ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗಿ.

ಗೋಕಾಕ ಕಡೆಯದು ಪೂರ್ತಿ ಬೇರೆ ಲೋಕ. ಕಣಬರಗಿ, ಸುಳೇಭಾವಿ, ಅಂಕಲಗಿ, ಅಲ್ಲಿಂದ ಗೊಡಚಿನಮಲ್ಕಿ. ಕಾಡು ಕಡಿಮೆ, ಹೊಲ ಜಾಸ್ತಿ. ಮಾರ್ಕಂಡೇಯ ಹೊಳೆ ಎರಡು ಹಂತದಲ್ಲಿ ಧುಮುಕುವ ಜಾಗದ ಸುತ್ತ ಮಾತ್ರ ಕಲ್ಲಿನ ಕಚ್ಚಾ ದಾರಿ, ಕುರುಚಲು ಕಾಡು. ಅದು ಸಣ್ಣ ತುಂಡು, ಆದರೆ ಒಳ್ಳೆ ತುಂಡು. ಮುಂದೆ ಗೋಕಾಕ ಫಾಲ್ಸ್‌ಗೆ ಹೋದರೆ ಘಟಪ್ರಭಾ 52 ಮೀಟರ್ ಕೆಳಕ್ಕೆ ಬೀಳೋದು ಕಾಣುತ್ತೆ, ಕೈಗೆ ಕರದಂಟು ಸಿಗುತ್ತೆ.

ತಮಾಷೆ ಏನಂದ್ರೆ, ಫಾಲ್ಸ್ ತುಂಬಿ ಹರಿಯೋದು ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಎರೆ ಮಣ್ಣು ಸೈಕಲ್ಲಿಗೆ ಶತ್ರು ಆಗೋದೂ ಸರಿಯಾಗಿ ಅದೇ ಹೊತ್ತಿಗೆ. ಒಂದು ಆಗಸ್ಟ್‌ನಲ್ಲಿ ಗೆಳೆಯ ಹೊಲದೊಳಗಿಂದ ಅಡ್ಡದಾರಿ ಇದೆ ಅಂತ ಹಟ ಹಿಡಿದು ಇಳಿದ. ಇಪ್ಪತ್ತು ಮಾರು ಹೋಗಿರಲಿಲ್ಲ, ಮಣ್ಣು ಟೈರಿಗೆ ಸುತ್ತಿಕೊಂಡು, ಅದರ ಮೇಲೆ ಹುಲ್ಲು ಸುತ್ತಿಕೊಂಡು, ಬ್ರೇಕು, ಫ್ರೇಮಿನ ಸಂದು ಎಲ್ಲ ತುಂಬಿ ಚಕ್ರ ತಿರುಗೋದೇ ನಿಂತಿತು. ಎತ್ತಿಕೊಂಡು ಬರೋಣ ಅಂದ್ರೆ ಸೈಕಲ್ ಎರಡರಷ್ಟು ಭಾರ. ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಒಂದು ಒಣ ಜೋಳದ ದಂಟು ಮುರಿದು ಕೊಟ್ಟು, "ಹಸಿ ಎರಿಯೊಳಗ ನಾವು ಎತ್ತನೂ ಇಳಸೂದಿಲ್ಲ, ನೀ ಸೈಕಲ್ ಇಳಿಸೀಯಲ್ಲೋ ತಮ್ಮಾ" ಅಂದರು. ಆ ದಂಟಿನಿಂದಲೇ ಕೆರೆದು ತೆಗೆದದ್ದು, ನೀರು ಹಾಕಿದ್ದರೆ ಇನ್ನಷ್ಟು ಅಂಟುತ್ತಿತ್ತು.

ಆದರೆ ಡಿಸೆಂಬರ್‌ನಲ್ಲಿ ಇದೇ ಸೀಮೆಯ ಕಾಲುವೆ ದಾರಿಗಳು, ಆಹಾ. ಧೂಪದಾಳದ ಹತ್ತಿರದಿಂದ ಹೊರಡುವ ಘಟಪ್ರಭಾ ಎಡದಂಡೆ ಕಾಲುವೆ ಪಕ್ಕ ಮೊರಂ ಹಾಕಿದ ದಾರಿ ಇದೆ. ಏರಿಲ್ಲ, ಇಳುಕಲಿಲ್ಲ, ಟ್ರಾಫಿಕ್ ಇಲ್ಲ, ಪಕ್ಕದಲ್ಲಿ ನೀರು, ಆಚೆ ಕಬ್ಬು. ಕೆಲವು ಕಡೆ ಕಿತ್ತುಹೋಗಿದೆ, ಕೆಲವು ಕಡೆ ಜಾಲಿ ಮುಚ್ಚಿದೆ, ಆಗ ಹಳ್ಳಿ ರಸ್ತೆಗೆ ಇಳಿದು ಮತ್ತೆ ಹತ್ತಬೇಕು. ಹೊಸಬರಿಗೆ, ಮಕ್ಕಳಿಗೆ ಕಲಿಸೋರಿಗೆ ಇದಕ್ಕಿಂತ ಒಳ್ಳೆದು ಇಲ್ಲ. ಊರ ರಸ್ತೆಗೆ ಬಂದಾಗ ಮಾತ್ರ ಕಬ್ಬಿನ ಟ್ರ್ಯಾಕ್ಟರ್ ನೋಡಿಕೊಳ್ಳಿ. ಎರಡು ಟ್ರೇಲರ್ ಕಟ್ಟಿಕೊಂಡು, ಡಿಜೆ ಹಾಡು ಹಾಕಿಕೊಂಡು ಬರುವ ಡ್ರೈವರಿಗೆ ಹಿಂದೆ ಏನಿದೆ ಅನ್ನೋದು ಗೊತ್ತೇ ಆಗಲ್ಲ, ಓವರ್‌ಟೇಕ್ ಮಾಡೋಕೆ ಹೋಗಬೇಡಿ.

ಇನ್ನೊಂದು: ಬೆಳಗಾವಿ ಎತ್ತರದಲ್ಲಿದೆ, ಗೋಕಾಕ ತಗ್ಗಿನಲ್ಲಿ. ಹೋಗೋದು ಸರಾಗ. ವಾಪಸ್ ಬರುವಾಗ ಏರು, ಮಳೆಗಾಲವಾದರೆ ಪಡುವಣ ಗಾಳಿ ನೇರ ಮುಖಕ್ಕೆ. ನಾನು ಈಗ ಹೋಗೋದು ತುಳಿದುಕೊಂಡು, ಬರೋದು ರೈಲಿನಲ್ಲಿ. ಮೀರಜ್ ಲೈನಿನಲ್ಲಿ ಘಟಪ್ರಭಾ, ಗೋಕಾಕ ರೋಡ್, ಪಾಶ್ಚಾಪೂರ ಸ್ಟೇಷನ್ ಇವೆಯಲ್ಲ.

ಸವದತ್ತಿ ಕಡೆಯೂ ಒಮ್ಮೆ ನೋಡಿದೆ. ಯಲ್ಲಮ್ಮನ ಗುಡ್ಡ, ನವಿಲುತೀರ್ಥ ಚೆನ್ನಾಗಿವೆ, ಆದರೆ ಕಚ್ಚಾ ದಾರಿ ತುಂಡು ತುಂಡು. ಹುಣ್ಣಿಮೆ ಬಂದರೆ ಗುಡ್ಡದ ರಸ್ತೆಯಲ್ಲಿ ಕಾಲಿಡೋಕೂ ಜಾಗ ಇರಲ್ಲ. ಪಟ್ಟಿಯಿಂದ ಬಿಟ್ಟೆ.

ಬಾದಾಮಿ. ದೂರ, ಖರ್ಚು, ಒಂದು ರಾತ್ರಿ ಉಳಿಯಬೇಕು, ಆದರೂ ಒಂದೇ ಕಡೆ ಹೋಗಬಹುದು ಅಂತ ಯಾರಾದರೂ ಹೇಳಿದರೆ ನಾನು ಬಾದಾಮಿಗೇ ಹೋಗುತ್ತೇನೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ಅಲ್ಲಿಂದ ಐಹೊಳೆಗೆ ಇನ್ನು 13-14. ಡಾಂಬರಿನಲ್ಲೇ ಹೋದರೆ ಇದು ಸುಮ್ನೆ ಒಂದು ಪ್ರವಾಸ. ಅದನ್ನು ಬಿಟ್ಟು ನಂದಿಕೇಶ್ವರ, ನಾಗನಾಥನ ಕೊಳ್ಳ, ಮಹಾಕೂಟದ ಸುತ್ತ ಬಂಡಿ ದಾರಿ ಹಿಡಿದರೆ ಆಟವೇ ಬೇರೆ. ಕೆಂಪು ಮರಳುಗಲ್ಲಿನ ಹಾಸು ಒಣಗಿದ್ದಾಗ ಟೈರನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅಂದ್ರೆ, ನೋಡಿದರೆ ಹತ್ತೋಕೆ ಆಗಲ್ಲ ಅನ್ನಿಸುವ ಏರನ್ನು ಕೂತೇ ಹತ್ತಬಹುದು. ಹತ್ತಿ ಮುಗಿಯುತ್ತಲೇ ಮೊಳಕಾಲುದ್ದ ಮರಳು. ಅಲ್ಲಿ ಹ್ಯಾಂಡಲ್ ಬಿಗಿ ಹಿಡಿಯಬಾರದು, ಗೇರ್ ಇಳಿಸಿ ಕಾಲು ನಿಲ್ಲಿಸದೆ ತುಳಿಯಬೇಕು.

ಬಾದಾಮಿ ಬೆಟ್ಟ ಹತ್ತಿ ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿ ನಡೆಯುವವರದು, ಅದರಲ್ಲಿ ಸೈಕಲ್ ಬೇಡ. ಸುತ್ತು ಹಾಕಿಯೇ ಹೋಗಿ. ಮಹಾಕೂಟದ ಪುಷ್ಕರಣಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತಿರುವ ಅವ್ವಂದಿರ ಹತ್ತಿರ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಸಿಗುತ್ತೆ. ಕೂತರೆ ಮೊದಲ ಪ್ರಶ್ನೆ "ಎಷ್ಟಕ್ಕ ಬಂತಪ್ಪಾ ಈ ಸೈಕಲ್?" ನಿಜ ಹೇಳಿದರೆ ಎರಡನೇ ಪ್ರಶ್ನೆ "ಅಷ್ಟ ರೊಕ್ಕಕ್ಕ ಗಾಡಿ ಬರ್ತಿರ್ಲಿಲ್ಲೇನು?"

ಪಟ್ಟದಕಲ್ಲಿನಲ್ಲಿ ಮಲಪ್ರಭಾ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ದಂಡೆಯ ಹೊಲದ ದಾರಿಗಳು ಚಳಿಗಾಲದಲ್ಲಿ ಚಂದ. ಮಳೆಗಾಲದಲ್ಲಿ ಮೇಲೆ ನವಿಲುತೀರ್ಥದ ಡ್ಯಾಂ ಗೇಟ್ ತೆಗೆದರೆ ಆ ದಾರಿ ಇರೋದೇ ಇಲ್ಲ. 2019ರ ಆಗಸ್ಟ್‌ನಲ್ಲಿ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಮಾರ್ಚ್‌ನಿಂದ ಆಚೆ ಇಡೀ ಸುತ್ತು ಬಂಡೆಯ ಕಾವಿಗೆ ಬೇಯುತ್ತೆ, ನೆರಳಿಲ್ಲ. ಜನವರಿಯಲ್ಲಿ ಬನಶಂಕರಿ ಜಾತ್ರೆ ಇದ್ದರೆ ರೂಮ್ ಸಿಗಲ್ಲ. ಉಳಿದಂತೆ ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ ಯಾವಾಗಲಾದರೂ ಹೋಗಿ, ಬೆಳಕು ಹರಿಯೋ ಮೊದಲೇ ಹೊರಡಿ. ಬಾದಾಮಿ ಊರೊಳಗೆ ಬ್ಯಾಗು, ಬಾಳೆಹಣ್ಣು ಸೈಕಲ್ಲಿಗೆ ನೇತುಹಾಕಿ ಚಹಾಕ್ಕೆ ಹೋಗಬೇಡಿ, ಮಂಗಗಳಿಗೆ ಜಿಪ್ ತೆಗೆಯೋಕೆ ಬರುತ್ತೆ. ಕುರಿ ಹಿಂಡು ಕಂಡರೆ ಇಳಿದು, ಸೈಕಲ್ಲನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ನಡೆಯಿರಿ. ಮುಧೋಳ ಇದೇ ಜಿಲ್ಲೆಯಲ್ಲಿದೆ ಅನ್ನೋದು ನೆನಪಿರಲಿ, ಆ ತಳಿಯ ನಾಯಿ ಬೆನ್ನು ಹತ್ತಿದರೆ ನಿಮ್ಮ ಗೇರುಗಳು ಏನೂ ಕೆಲಸ ಮಾಡಲ್ಲ.

ಟೈರಿನ ಗಾಳಿ ನಾನು ಹೀಗೆ ಇಡುತ್ತೇನೆ: ಜಾಂಬೋಟಿಗೆ 35 ಪಿಎಸ್‌ಐ, ಕಾಲುವೆ ದಾರಿಗೆ 40, ಬಾದಾಮಿಗೆ 30ರ ಆಸುಪಾಸು. ನನ್ನ ತೂಕ 70 ಕಿಲೋ, ನಿಮ್ಮದಕ್ಕೆ ತಕ್ಕಂತೆ ಬದಲಿಸಿ. ಟ್ಯೂಬ್ ಹಾಕಿದ್ದರೆ ಬಾದಾಮಿಯಲ್ಲಿ ಅಷ್ಟು ಇಳಿಸಬೇಡಿ, ಕಲ್ಲಿನ ಅಂಚಿಗೆ ಟ್ಯೂಬ್ ಕಚ್ಚುತ್ತೆ. ಪಂಕ್ಚರ್ ವಿಷಯದಲ್ಲಿ ಜಾಂಬೋಟಿ ಪರವಾಗಿಲ್ಲ. ಗೋಕಾಕ, ಬಾದಾಮಿ ಎರಡೂ ಕಡೆ ಬಳ್ಳಾರಿ ಜಾಲಿಯ ಉದ್ದ ಮುಳ್ಳು, ಅದಕ್ಕಿಂತ ಕೆಟ್ಟದ್ದು ನೆಲಕ್ಕೆ ಹಬ್ಬುವ ನೆಗ್ಗಿಲ ಮುಳ್ಳು. ದಾರಿ ಬಿಟ್ಟು ಹುಲ್ಲಿನ ಮೇಲೆ ಸೈಕಲ್ ಮಲಗಿಸಿದರೂ ಸಾಕು, ಟೈರಿನ ತುಂಬ ಚುಚ್ಚಿರುತ್ತೆ. ಟೈರಿನೊಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿದ್ದರೆ ಮುಳ್ಳನ್ನು ಕಿತ್ತು ಚಕ್ರ ತಿರುಗಿಸಿದರೆ ತಾನೇ ಮುಚ್ಚಿಕೊಳ್ಳುತ್ತೆ. ಹಳ್ಳಿಯ ಸೈಕಲ್ ಅಂಗಡಿಯ ಪಂಪ್ ನಮ್ಮ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಕೂರಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಬರುತ್ತಲ್ಲ, ಅದನ್ನು ಮನೆಯಿಂದಲೇ ವಾಲ್ವಿಗೆ ತಿರುಗಿಸಿಕೊಂಡು ಹೊರಡಿ. ಬ್ಯಾಗಿನಲ್ಲಿ ಇಟ್ಟರೆ ಬೇಕಾದಾಗ ಸಿಗಲ್ಲ.