ಮಲಗುವ ಕೋಣೆಗೆ ಕೆಂಪು ಕಾವಿ ನೆಲ: ಹತ್ತು ವರ್ಷ ನಡೆದಾಡಿದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಾವು ಮನೆ ಕಟ್ಟಿದ್ದು 2014ರಲ್ಲಿ. ಉಳಿದೆಡೆ ಟೈಲ್ಸ್ ಇರಲಿ, ಮಲಗುವ ಎರಡು ಕೋಣೆಗಳಿಗೆ ಕಾವಿ ನೆಲವೇ, ಅಂದರೆ ಸಿಮೆಂಟಿಗೆ ಕೆಂಪು ಬಣ್ಣದ ಪುಡಿ (ರೆಡ್ ಆಕ್ಸೈಡ್) ಬೆರೆಸಿ ತಿಕ್ಕಿ ನಯ ಮಾಡಿದ ನೆಲವೇ ಆಗಬೇಕೆಂದು ಹಟ ಹಿಡಿದವಳು ನಾನು. ಬೇಸಗೆಯ ಮಧ್ಯಾಹ್ನ ಅಜ್ಜನ ಮನೆಯ ಚಾವಡಿಯಲ್ಲಿ ಚಾಪೆಯನ್ನೂ ಹಾಸದೆ ಮಲಗಿ ಬೆಳೆದ ಮೈಗೆ ಆ ತಂಪು ಗೊತ್ತಿತ್ತು.

ಮೊದಲು ಸೋತದ್ದನ್ನು ಹೇಳುತ್ತೇನೆ. ಎರಡೂ ಕೋಣೆಗಳು ಒಬ್ಬನೇ ಮೇಸ್ತ್ರಿಯ ಕೆಲಸ. ಸಣ್ಣ ಕೋಣೆಯಲ್ಲಿ ಪೂರ್ತಿ ಒಂದು ವಾರ ನೀರು ಕಟ್ಟಿ ನಿಲ್ಲಿಸಿದೆವು. ದೊಡ್ಡ ಕೋಣೆಯಲ್ಲಿ ಬಡಗಿಗೆ ಬಾಗಿಲು ಕೂರಿಸುವ ಅವಸರವಿತ್ತು. ಮೂರನೇ ದಿನವೇ ನೀರು ಬಳಿದು ತೆಗೆದೆವು. ಆ ಬೇಸಗೆ ಮುಗಿಯುವುದರೊಳಗೆ ಕಿಟಕಿಯ ಮೂಲೆಯಿಂದ ಮಂಚದ ಕಾಲಿನವರೆಗೆ ಕೂದಲೆಳೆಯಷ್ಟು ಬಿರುಕು ಬಂತು. ಸಿಮೆಂಟು ಬೇಗ ಒಣಗಿದರೆ ಕುಗ್ಗುತ್ತದೆ, ಸೀಳುತ್ತದೆ. ದೊಡ್ಡ ಕೋಣೆಗೆ ನಡುನಡುವೆ ಗಾಜಿನ ಪಟ್ಟಿ ಕೂರಿಸಿ ಭಾಗ ಮಾಡಿಸಬೇಕಿತ್ತು, ಅದನ್ನೂ ಮಾಡಿಸಲಿಲ್ಲ. ಒಡೆದ ಟೈಲಿನಂತೆ ಒಂದು ತುಂಡನ್ನು ಕಿತ್ತು ಬದಲಿಸಲು ಇಲ್ಲಿ ಬರುವುದಿಲ್ಲ. ತೇಪೆ ಹಾಕಿದರೆ ಹಳೆಯ ಕೆಂಪಿಗೆ ಹೊಸ ಕೆಂಪು ಹೊಂದುವುದಿಲ್ಲ. ಹಾಗೆಯೇ ಬಿಟ್ಟಿದ್ದೇನೆ.

ಸಣ್ಣ ಕೋಣೆಯ ನೆಲ ಮಾತ್ರ ವರ್ಷದಿಂದ ವರ್ಷಕ್ಕೆ ಚೆಂದವಾಗುತ್ತಿದೆ. ಮೊದಲ ಕೆಲವು ತಿಂಗಳು ಅಂಗಾಲಿಗೂ ಬಿಳಿ ಪಂಚೆಯ ಅಂಚಿಗೂ ಬಣ್ಣ ಹತ್ತುತ್ತಿತ್ತು. ಆಗಾಗ ಬಟ್ಟೆಗೆ ನಾಲ್ಕು ಹನಿ ತೆಂಗಿನೆಣ್ಣೆ ಹಾಕಿ ಉಜ್ಜಿದೆ. ಈಗ ಕಿಟಕಿಯ ಸರಳುಗಳ ನೆರಳು ಅದರಲ್ಲಿ ತೇಲುತ್ತದೆ.

ಕೋಣೆಯ ಅಲಂಕಾರದಲ್ಲಿ ನಾನು ಕಲಿತದ್ದು ಹೆಚ್ಚಾಗಿ ತಪ್ಪು ಮಾಡಿಯೇ. ಗೋಡೆಗೆ ಮೊದಲು ಬಳಿಸಿದ್ದು ತಿಳಿಹಳದಿ. ಕೆಂಪಿನ ಪಕ್ಕದಲ್ಲಿ ಅದು ಮಂಕಾಗಿ, ಕೋಣೆಯೇ ಕಿರಿದಾದಂತೆ ಕಂಡಿತು. ಬಿಳಿ ಸುಣ್ಣ ಹೊಡೆಸಿದ ಮೇಲೆ ಬೆಳಗಿನ ಬಿಸಿಲು ನೆಲಕ್ಕೆ ಬಿದ್ದು ಗೋಡೆಯ ಬುಡಕ್ಕೆ ನಸುಗೆಂಪು ಹತ್ತುತ್ತದೆ. ಅದನ್ನು ನೋಡಲೆಂದೇ ಕೆಲವೊಮ್ಮೆ ಹಾಸಿಗೆಯಿಂದ ತಡವಾಗಿ ಏಳುತ್ತೇನೆ. ಬಿಳಿ ಎಲ್‌ಇಡಿ ದೀಪದಲ್ಲಿ ಈ ನೆಲ ಕಂದಾಗಿ, ಜೀವವಿಲ್ಲದಂತೆ ಕಾಣುತ್ತದೆ. ಹಳದಿ ಬೆಳಕಿನದನ್ನೇ ಹಾಕಿ. ಗೋಡೆಯ ಗುಂಟ ಒಂದು ಗೇಣು ಕಪ್ಪು ಅಂಚು ಬಿಡಿಸಿದ್ದು ಒಳ್ಳೆಯದಾಯಿತು. ಹಲಸಿನ ಮರದ ಮಂಚ ಹೊಸತರಲ್ಲಿ ಹಳದಿಯಾಗಿತ್ತು, ಈಗ ಬೆಲ್ಲದ ಬಣ್ಣಕ್ಕೆ ತಿರುಗಿ ನೆಲದೊಂದಿಗೆ ಒಂದಾಗಿದೆ. ಕಾಲು ಎತ್ತರದ ಮಂಚವಾದರೆ ಅಡಿಯ ನೆಲವೂ ಕಾಣುತ್ತದೆ, ಗುಡಿಸಲೂ ಸುಲಭ. ಅಮ್ಮನ ಹಳೆಯ ಕಾಸರಗೋಡು ಕೈಮಗ್ಗದ ಸೀರೆಯೊಂದನ್ನು ಪರದೆ ಮಾಡಿದ್ದೇನೆ. ರತ್ನಗಂಬಳಿ ಬೇಡವೇ ಬೇಡ, ಇಂಥ ನೆಲವನ್ನು ಮುಚ್ಚಿಡುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಒರೆಸಲು ಬರಿಯ ನೀರು ಸಾಕು. ಆ್ಯಸಿಡ್, ಲಿಂಬೆ, ಹುಣಸೆ ಹುಳಿ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಕಬ್ಬಿಣದ ಕಪಾಟಿನ ಕಾಲಿಗೆ ರಬ್ಬರ್ ಹಾಕಿ, ಎಳೆಯಬೇಡಿ, ಎತ್ತಿಯೇ ಸರಿಸಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗೋಡೆ ತೇವ ಹೀರಿ ಅಂಚಿನಲ್ಲಿ ಬಿಳಿ ಉಪ್ಪು ಏಳುತ್ತದೆ, ಒಣಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಮಳೆಗಾಲಕ್ಕೆ ಎಣ್ಣೆ ಹಚ್ಚಲೇಬಾರದು. ಅಮ್ಮ ಒಮ್ಮೆ ಜಾರಿದರು. ಮಂಚ ಹಿಡಿದುಕೊಂಡದ್ದರಿಂದ ಉಳಿದರು.

ಬರುವ ಡಿಸೆಂಬರಿನಲ್ಲಿ ಮಾಳಿಗೆಯ ಕೋಣೆಗೂ ಮಗಳು ಕಾವಿಯನ್ನೇ ಕೇಳಿದ್ದಾಳೆ. ಮೇಸ್ತ್ರಿ ಮೊದಲು ಮಾಡಿದ ನೆಲಗಳನ್ನು ಎರಡು ಮನೆಗಳಿಗೆ ಹೋಗಿ ನೋಡಿ ಬಂದಿದ್ದೇನೆ. ಬಡಗಿಗೆ ನೆಲ ಹಾಕಿ ಹದಿನೈದು ದಿನ ಕಳೆದ ಮೇಲೆ ಬಂದರೆ ಸಾಕೆಂದು ಹೇಳಿಯಾಗಿದೆ.