ದಿನದ ಓಡಾಟಕ್ಕೆ ವರ್ಟಸ್ ಜಿಟಿಯಾ, ವೆರ್ನಾ ಟರ್ಬೊನಾ? 41,000 ಕಿ.ಮೀ. ಆದ ಮೇಲೆ ನನ್ನ ಅನುಭವ

2023ರ ಸೆಪ್ಟೆಂಬರಿನಲ್ಲಿ ನಮ್ಮ ಭಾವ ಹ್ಯುಂಡೈ ವೆರ್ನಾ ಟರ್ಬೊ ತಗೊಂಡರು. ಎರಡು ತಿಂಗಳು ಕಳೆದು, ದೀಪಾವಳಿಗೆ ನಾಲ್ಕು ದಿನ ಇರುವಾಗ, ನಾನು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಮನೆಗೆ ತಂದೆ. ಇಬ್ಬರ ಬಜೆಟ್ಟೂ ಹೆಚ್ಚು ಕಡಿಮೆ ಒಂದೇ. ಇಬ್ಬರೂ ಶೋರೂಮ್ ಸುತ್ತಿದ್ದು ಜೊತೆಯಲ್ಲೇ. ಆದರೆ ಆರಿಸಿಕೊಂಡ ಕಾರು ಮಾತ್ರ ಬೇರೆ ಬೇರೆ. ಈಗ ನನ್ನ ಗಾಡಿ 41,000 ಕಿ.ಮೀ. ಓಡಿದೆ, ಭಾವನವರದ್ದು 38,000 ದಾಟಿದೆ. ನಡುವೆ ಎರಡು ಸಲ ಕಾರು ಅದಲು ಬದಲು ಮಾಡಿಕೊಂಡಿದ್ದೇವೆ. ಒಮ್ಮೆ ಹತ್ತು ದಿನ, ಇನ್ನೊಮ್ಮೆ ಎರಡು ವಾರ. ಹಾಗಾಗಿ ಎರಡರ ಬಗ್ಗೆಯೂ ಧೈರ್ಯವಾಗಿ ಬರೆಯಬಹುದು ಅನಿಸಿತು.

ನಾನಿರೋದು ಮೈಸೂರಿನ ಕುವೆಂಪುನಗರದಲ್ಲಿ. ಕೆಲಸ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ರಿಂಗ್ ರೋಡ್ ಹಿಡಿದು ಹೋಗಿ ಬಂದರೆ ದಿನಕ್ಕೆ 24 ಕಿ.ಮೀ. ತಿಂಗಳಿಗೆ ಒಂದೆರಡು ಸಲ ಪುತ್ತೂರಿನ ಹತ್ತಿರದ ನಮ್ಮ ಊರ ಮನೆಗೆ ಹೋಗುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಮಡಿಕೇರಿ, ಸಂಪಾಜೆ ಘಾಟಿ ಇಳಿದು ಸುಳ್ಯ, ಆಮೇಲೆ ಪುತ್ತೂರು. ಒಂದು ಕಡೆಗೆ 200 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಭಾವ ಇರೋದು ಬೆಂಗಳೂರಿನ ಬನಶಂಕರಿಯಲ್ಲಿ, ಆಫೀಸು ವೈಟ್‌ಫೀಲ್ಡ್. ದಿನಾ ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಬೇಕು. ಈ ಒಂದು ವ್ಯತ್ಯಾಸವೇ ಇಬ್ಬರಿಗೂ ಯಾವ ಕಾರು ಅಂತ ತೀರ್ಮಾನ ಮಾಡಿತು. ಶೋರೂಮಿನಲ್ಲಿ ಅದು ನಮಗೆ ಅಷ್ಟು ಹೊಳೆದಿರಲಿಲ್ಲ.

ಅಂಕಿ ಅಂಶ ಮೊದಲು ಮುಗಿಸಿಬಿಡುತ್ತೇನೆ. ವರ್ಟಸ್ ಜಿಟಿಯಲ್ಲಿರೋದು 1.5 ಲೀಟರ್ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬೋ ಸಾಧನ) ಪೆಟ್ರೋಲ್ ಎಂಜಿನ್, 150 ಪಿಎಸ್ ಪವರ್, 250 ಎನ್‌ಎಂ ಟಾರ್ಕ್, ಅಂದರೆ ಎಳೆಯೋ ಬಲ. ವೆರ್ನಾದ್ದೂ 1.5 ಲೀಟರ್ ಟರ್ಬೊನೇ, 160 ಪಿಎಸ್, 253 ಎನ್‌ಎಂ. ಎರಡರಲ್ಲೂ ಪೆಟ್ರೋಲ್ ಟ್ಯಾಂಕ್ 45 ಲೀಟರ್. ಡಿಕ್ಕಿ ವರ್ಟಸ್‌ನದ್ದು 521 ಲೀಟರ್, ವೆರ್ನಾದ್ದು 528. ಕಾಗದದ ಮೇಲೆ ವೆರ್ನಾ ಒಂದು ಹೆಜ್ಜೆ ಮುಂದೆ. ನಾನು ತಗೊಂಡಿದ್ದು ಆರು ಗೇರಿನ ಮ್ಯಾನುವಲ್. ವರ್ಟಸ್ 2022ರ ಜೂನ್‌ನಲ್ಲಿ ಬಂದಾಗ ಈ ಎಂಜಿನ್ ಜೊತೆ ಡಿಎಸ್‌ಜಿ ಅನ್ನೋ ಡಬಲ್ ಕ್ಲಚ್ ಆಟೊಮ್ಯಾಟಿಕ್ ಮಾತ್ರ ಇತ್ತು, ಮ್ಯಾನುವಲ್ ಬಂದಿದ್ದು ಮರುವರ್ಷ. ಭಾವ ತಗೊಂಡಿದ್ದು ಏಳು ಗೇರಿನ ಡಿಸಿಟಿ, ಅಂದರೆ ಹ್ಯುಂಡೈನ ಡಬಲ್ ಕ್ಲಚ್ ಆಟೊಮ್ಯಾಟಿಕ್, ಟಾಪ್ ಮಾಡೆಲ್.

ದಿನಾ ಓಡಿಸೋ ಕಾರಿಗೆ ಇಷ್ಟು ಪವರ್ ಯಾಕೆ ಬೇಕು ಅಂತ ತುಂಬ ಜನ ಕೇಳುತ್ತಾರೆ. ಅದು ಸ್ಪೀಡಿಗೆ ಅಲ್ಲ ಅಂತ ನನಗೆ ಗೊತ್ತಾಗೋಕೆ ಮೂರು ತಿಂಗಳು ಬೇಕಾಯಿತು. ಅದೇ ವೆರ್ನಾದ ಟರ್ಬೊ ಇಲ್ಲದ 1.5 ಎಂಜಿನ್ ತಗೊಳ್ಳಿ. ಅದರ ಟಾರ್ಕ್ ಸುಮಾರು 144 ಎನ್‌ಎಂ, ಅದೂ ಪೂರ್ತಿ ಸಿಗೋದು 4,500 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅನ್ನೋ ಲೆಕ್ಕ). ಟರ್ಬೊದಲ್ಲಿ 250 ಎನ್‌ಎಂ 1,500, 1,600 ಆರ್‌ಪಿಎಂಗೇ ಕೈಗೆ ಬರುತ್ತದೆ. ನಾವು ದಿನಾ ಗಾಡಿ ಓಡಿಸೋದೇ 1,500ರಿಂದ 2,500ರ ಒಳಗೆ. ಅಂದರೆ ಎಂಜಿನ್ ಕಿರುಚಿಸದೆ, ಗೇರ್ ಹಿಂದೆ ಹಾಕದೆ ಶಕ್ತಿ ಸಿಗುತ್ತದೆ. ಸ್ಪೋರ್ಟಿ ಕಾರು ದಿನದ ಬಳಕೆಗೆ ಒಗ್ಗುತ್ತದಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ.

ಒಂದು ಉದಾಹರಣೆ ಹೇಳುತ್ತೇನೆ. ಸುಂಟಿಕೊಪ್ಪ ದಾಟಿ ಮಡಿಕೇರಿ ಕಡೆ ಏರುವಾಗ ರಸ್ತೆ ಎಡಕ್ಕೂ ಬಲಕ್ಕೂ ತಿರುಗುತ್ತಾ ಹೋಗುತ್ತದೆ. ಮುಂದೆ ಮರದ ದಿಮ್ಮಿ ಹೇರಿಕೊಂಡ ಲಾರಿ. ಕಾರಿನಲ್ಲಿ ನಾವು ಐದು ಜನ, ಡಿಕ್ಕಿ ತುಂಬ ಸಾಮಾನು. ಹಳೇ ಕಾರಿನಲ್ಲಾದರೆ ಮೂರನೇ ಗೇರಿನಿಂದ ಎರಡಕ್ಕೆ ಬಂದು, ಎಂಜಿನ್ ಕಿರುಚಿಸಿ, ಅರ್ಧ ದಾಟುವಷ್ಟರಲ್ಲಿ ಎದುರಿಗೆ ಬಸ್ಸು ಕಂಡು ಮತ್ತೆ ಹಿಂದೆ ಸರಿಯೋದು. ಇಲ್ಲಿ ಮೂರನೇ ಗೇರಿನಲ್ಲೇ ಇದ್ದೆ, ಮೀಟರ್ 1,900 ತೋರಿಸುತ್ತಿತ್ತು. ದಾರಿ ನೇರವಾಗಿ ಕಂಡಿತು, ಹಾರ್ನ್ ಕೊಟ್ಟೆ, ಕಾಲು ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಯಾರೋ ಹಿಂದಿನಿಂದ ತಳ್ಳಿದ ಹಾಗೆ ಗಾಡಿ ಮುಂದೆ ಹೋಯಿತು. ಎದುರು ರಸ್ತೆಯಲ್ಲಿ ನಾವಿದ್ದ ಹೊತ್ತು ಹಳೇ ಕಾರಿನ ಅರ್ಧ. ಹಿಂದೆ ಕೂತಿದ್ದ ಅಮ್ಮ ಮಾತು ನಿಲ್ಲಿಸಲೇ ಇಲ್ಲ. ಅವರಿಗೆ ಓವರ್‌ಟೇಕ್ ಆಗಿದ್ದೇ ಗೊತ್ತಾಗಿರಲಿಲ್ಲ. ನನ್ನ ಮಟ್ಟಿಗೆ ಪಿಕಪ್ ಅಂದರೆ ಅದು.

ಇದೇ ಜಾಗದಲ್ಲಿ ವೆರ್ನಾನೂ ಓಡಿಸಿದ್ದೇನೆ. ಅದರ ಪಿಕಪ್ ಇನ್ನೂ ಜೋರು. ಕಾಲು ಪೂರ್ತಿ ಒತ್ತಿದರೆ ಮುಂದಿನ ಚಕ್ರ ಒದ್ದೆ ರಸ್ತೆಯಲ್ಲಿ ಹಿಡಿತಕ್ಕೆ ಒದ್ದಾಡುತ್ತದೆ. ಮುಂದಿನ ಚಕ್ರಕ್ಕೇ ಇಷ್ಟು ಟಾರ್ಕ್ ಹೋಗೋ ಯಾವ ಕಾರಾದರೂ ಹಾಗೇ. ಮಳೆಯಲ್ಲಿ ಮೆಲ್ಲಗೆ ಒತ್ತಬೇಕು, ಅಷ್ಟೇ. ನೇರ ರಸ್ತೆಯಲ್ಲಿ ವೆರ್ನಾ ಹೆಚ್ಚು ಹಗುರ ಅನಿಸುತ್ತದೆ, ತಿರುವಿನಲ್ಲಿ ವರ್ಟಸ್ ಹೆಚ್ಚು ನಂಬಿಕೆ ಕೊಡುತ್ತದೆ. ಸಂಪಾಜೆ ಘಾಟಿಯ ಸರಣಿ ತಿರುವುಗಳಲ್ಲಿ ಸ್ಟೀರಿಂಗ್ ಎಷ್ಟು ತಿರುಗಿಸಿದೆನೋ ಅಷ್ಟೇ ಗಾಡಿ ತಿರುಗುತ್ತದೆ, ಮಧ್ಯದಲ್ಲಿ ಸರಿಪಡಿಸಿಕೊಳ್ಳೋ ಕೆಲಸ ಇಲ್ಲ. ಇಳಿಯುವಾಗ ಎರಡನೇ ಗೇರಿನಲ್ಲಿಟ್ಟು ಎಂಜಿನ್ನಿನ ಹಿಡಿತದಲ್ಲೇ ಇಳಿಯುತ್ತೇನೆ, ಬ್ರೇಕ್ ಮೇಲೆ ಕಾಲು ಇಡೋದು ಕಡಿಮೆ. ವರ್ಟಸ್‌ನಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್, ವೆರ್ನಾ ಟರ್ಬೊದಲ್ಲಿ ನಾಲ್ಕೂ ಡಿಸ್ಕ್. ತಗೊಳ್ಳೋ ಮುಂಚೆ ಇದು ನನಗೆ ದೊಡ್ಡ ಚಿಂತೆ ಆಗಿತ್ತು. ಹೀಗೆ ಗೇರಿನಲ್ಲಿ ಇಳಿದರೆ ಆ ಚಿಂತೆ ಬೇಕಾಗಿಲ್ಲ.

ಇನ್ನು ಬೆಂಗಳೂರಿನ ವಿಷಯ. 2024ರ ಜುಲೈನಲ್ಲಿ ನನಗೆ ಎರಡು ವಾರ ಅಲ್ಲೇ ಕೆಲಸ ಇತ್ತು. ಅಕ್ಕನ ಮನೆಯಲ್ಲೇ ಉಳಿದಿದ್ದೆ. ಮೊದಲ ಮೂರು ದಿನ ನನ್ನ ಮ್ಯಾನುವಲ್ ಓಡಿಸಿದೆ. ಮೂರನೇ ದಿನ ರಾತ್ರಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಭಾವ ನೋಡಿದವರೇ, "ನಾಳೆಯಿಂದ ನನ್ನ ಗಾಡಿ ತಗೊಂಡು ಹೋಗು ಮಾರಾಯ, ನಿಂದು ನನಗೆ ಕೊಡು, ವಾರಾಂತ್ಯಕ್ಕೆ ಊರಿಗೆ ಹೋಗಬೇಕು" ಅಂದರು. ಹಾಗೆ ಆಯಿತು ಆ ಬದಲಾವಣೆ.

ಡಿಸಿಟಿ ಆ ಟ್ರಾಫಿಕ್ಕಿನಲ್ಲಿ ನಿಜಕ್ಕೂ ವರ. ಆದರೆ ಒಂದು ವಿಷಯ ತಿಳಿದಿರಬೇಕು. ಈ ಎರಡೂ ಕಂಪನಿಗಳ 1.5 ಟರ್ಬೊ ಆಟೊಮ್ಯಾಟಿಕ್‌ನಲ್ಲಿರೋದು ಒಣ ಡಬಲ್ ಕ್ಲಚ್. ಅಂದರೆ ಕ್ಲಚ್ ಪ್ಲೇಟು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ಬಂಪರಿಗೆ ಬಂಪರ್ ತಾಗುವ ಹಾಗೆ ಇಂಚಿಂಚು ಸರಿಸುತ್ತಾ ಹೋದರೆ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟ ಸ್ಥಿತಿಯಲ್ಲೇ ಇರುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ. ಭಾವ ಮಾಡೋದು ಹೀಗೆ: ಮುಂದಿನ ಗಾಡಿ ಒಂದು ಕಾರಿನಷ್ಟು ದೂರ ಹೋಗುವ ತನಕ ಬ್ರೇಕ್ ಬಿಡೋದೇ ಇಲ್ಲ. ಬಿಟ್ಟ ಮೇಲೆ ಕಾಲು ಸ್ವಲ್ಪ ಒತ್ತಿ ಸಲೀಸಾಗಿ ಹೊರಡೋದು. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿಕೊಂಡೇ ಗಾಡಿ ನಿಲ್ಲಿಸೋದು ಬೇಡವೇ ಬೇಡ. 38,000 ಕಿ.ಮೀ. ಆದರೂ ಅವರ ಗೇರ್‌ಬಾಕ್ಸ್ ಬೆಣ್ಣೆಯಂತಿದೆ. ಡಬಲ್ ಕ್ಲಚ್ ತಗೊಳ್ಳೋರು ಈ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಮ್ಯಾನುವಲ್ ತಗೊಂಡವರಿಗೂ ಒಂದು ಮಾತು. 1,500 ಆರ್‌ಪಿಎಂಗಿಂತ ಕೆಳಗೆ ಟರ್ಬೊ ಇನ್ನೂ ಎದ್ದಿರೋದಿಲ್ಲ. ಹಂಪ್ ದಾಟಿ ಮೂರನೇ ಗೇರಿನಲ್ಲೇ ಎಳೆಯೋಣ ಅಂದರೆ ಗಾಡಿ ಬಳಲುತ್ತದೆ. ಎರಡಕ್ಕೆ ಬನ್ನಿ. ಹಳೇ ಡೀಸೆಲ್ ಕಾರಿನ ಅಭ್ಯಾಸ ಇದ್ದವರು ಇಲ್ಲಿ ಸ್ವಲ್ಪ ತಿದ್ದಿಕೊಳ್ಳಬೇಕು. ನನಗೆ ಎರಡು ವಾರ ಹಿಡಿಯಿತು.

ಮೈಲೇಜ್ ಎಲ್ಲರೂ ಕೇಳೋ ಪ್ರಶ್ನೆ. ನಾನು ಪ್ರತಿ ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಬರೆದಿಟ್ಟುಕೊಂಡಿದ್ದೇನೆ. ಮೈಸೂರಿನ ಒಳಗೆ 13. ಪುತ್ತೂರಿಗೆ ಹೋಗಿ ಬಂದರೆ 16. ಬೆಂಗಳೂರು ಹೈವೇಯಲ್ಲಿ 90ರಲ್ಲಿ ಹೋದರೆ 19, ಕೆಲವು ಸಲ 20. ವರ್ಟಸ್ ಎಂಜಿನ್ನಿಗೆ ಒಂದು ವಿಶೇಷ ಇದೆ. ಭಾರ ಇಲ್ಲದೆ ಒಂದೇ ವೇಗದಲ್ಲಿ ಹೋಗುವಾಗ ನಾಲ್ಕರಲ್ಲಿ ಎರಡು ಸಿಲಿಂಡರ್ ತಾನಾಗಿ ಸುಮ್ಮನಾಗುತ್ತದೆ, ಕಾಲು ಒತ್ತಿದ ಕೂಡಲೇ ಮತ್ತೆ ಎದ್ದುಕೊಳ್ಳುತ್ತದೆ. ಒಳಗೆ ಕೂತವರಿಗೆ ಅದು ತಿಳಿಯುವುದೇ ಇಲ್ಲ. ಮೈಸೂರು ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100 ಕಿ.ಮೀ., ದಾರಿಯುದ್ದಕ್ಕೂ ಕ್ಯಾಮೆರಾ. ಹಾಗಾಗಿ ಅಲ್ಲಿ ಈ ಗುಣ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಭಾವನಿಗೆ ಬೆಂಗಳೂರು ಟ್ರಾಫಿಕ್ಕಿನಲ್ಲಿ ಸಿಗೋದು 9ರಿಂದ 10, ಹೈವೇಯಲ್ಲಿ 17, 18. ಟರ್ಬೊ ಕಾರಿನ ಮೈಲೇಜ್ ನಿಮ್ಮ ಬಲಗಾಲಿನಲ್ಲಿದೆ ಅನ್ನೋದು ಅಪ್ಪಟ ಸತ್ಯ.

ಅದೇ ಎಕ್ಸ್‌ಪ್ರೆಸ್‌ವೇಯಲ್ಲಿ ವೆರ್ನಾ ನನ್ನ ಕಾರನ್ನು ಹಿಂದೆ ಹಾಕುತ್ತದೆ. ಮುಂದಿನ ಗಾಡಿ ನೋಡಿಕೊಂಡು ತಾನೇ ವೇಗ ಇಳಿಸಿ ಏರಿಸೋ ಕ್ರೂಸ್ ಕಂಟ್ರೋಲ್ ಅದರಲ್ಲಿದೆ. ಇಡೀ ದಿನ ಆಫೀಸಿನಲ್ಲಿ ಕೂತು ರಾತ್ರಿ ಮೈಸೂರಿಗೆ ವಾಪಸ್ ಬರುವಾಗ ಅದು ಎಷ್ಟು ಹಾಯ್ ಅನಿಸುತ್ತದೆ ಅಂತ ಆ ಎರಡು ವಾರದಲ್ಲಿ ಗೊತ್ತಾಯಿತು. ವರ್ಟಸ್‌ನಲ್ಲಿ ಇಂಥ ಸೌಲಭ್ಯ ಇಲ್ಲ. ಸ್ಕ್ರೀನು, ಸೀಟಿನ ತಂಪು ಗಾಳಿ, ಸನ್‌ರೂಫ್ ಎರಡರಲ್ಲೂ ಇದೆ, ಅದರ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ.

ಸುರಕ್ಷತೆ ವಿಷಯಕ್ಕೆ ಬರುತ್ತೇನೆ. ನನ್ನ ತೀರ್ಮಾನ ಗಟ್ಟಿಯಾಗಿದ್ದು ಇಲ್ಲೇ. ಕಾರನ್ನು ಗುದ್ದಿಸಿ ಸುರಕ್ಷತೆ ಅಳೆಯೋ ಗ್ಲೋಬಲ್ ಎನ್‌ಸಿಎಪಿ ಪರೀಕ್ಷೆಯಲ್ಲಿ ಎರಡೂ ಕಾರಿಗೂ ಐದು ಸ್ಟಾರ್ ಬಂದಿದೆ. ವರ್ಟಸ್‌ಗೆ 2023ರ ಏಪ್ರಿಲ್‌ನಲ್ಲಿ, ವೆರ್ನಾಕ್ಕೆ ಅದೇ ವರ್ಷ ಅಕ್ಟೋಬರ್‌ನಲ್ಲಿ. ದೊಡ್ಡವರ ರಕ್ಷಣೆಯಲ್ಲಿ 34ಕ್ಕೆ ವರ್ಟಸ್‌ಗೆ 29.71, ವೆರ್ನಾಕ್ಕೆ 28.18. ಅಂತರ ಸಣ್ಣದು. ಆದರೆ ವರದಿಯನ್ನು ಪೂರ್ತಿ ಓದಿದರೆ ವರ್ಟಸ್‌ನ ಬಾಡಿ ಶೆಲ್ (ಕಾರಿನ ಲೋಹದ ಚೌಕಟ್ಟು) ಸ್ಥಿರ ಅಂತ ಇದೆ, ವೆರ್ನಾದ್ದು ಅಸ್ಥಿರ ಅಂತ ಇದೆ. ಸ್ಟಾರ್ ಮಾತ್ರ ನೋಡಿದರೆ ಇದು ತಿಳಿಯುವುದಿಲ್ಲ. ರಾತ್ರಿ ಹೊತ್ತು ಘಾಟಿ ರಸ್ತೆಯಲ್ಲಿ ಮನೆಯವರನ್ನು ಕೂರಿಸಿಕೊಂಡು ಓಡಾಡುವ ನನಗೆ ಆ ಒಂದು ಪದ ಮುಖ್ಯ ಆಯಿತು. ಯಾವ ಕಾರು ತಗೊಂಡರೂ ಆ ವರದಿಯನ್ನು ಕೊನೆ ತನಕ ಓದಿ.

ಮನೆಯವರು ಅಂದ ಮೇಲೆ ಹಿಂದಿನ ಸೀಟಿನ ಮಾತು ಬರಲೇಬೇಕು. ಅಮ್ಮನಿಗೆ 68, ಮಂಡಿ ನೋವು. ಎರಡೂ ಸೆಡಾನ್, ಎರಡೂ ತಗ್ಗು. ಕೂರೋದು ಸುಲಭ, ಏಳೋದು ಕಷ್ಟ. ವೆರ್ನಾದಲ್ಲಿ ಕಾಲು ಚಾಚೋಕೆ ಜಾಗ ಜಾಸ್ತಿ, ಆದರೆ ಚಾವಣಿ ಹಿಂದಕ್ಕೆ ಇಳಿಜಾರಾಗಿದೆ, ತಲೆ ಬಗ್ಗಿಸಿ ಹತ್ತಬೇಕು. ಆರಡಿ ಎತ್ತರದವರು ಹಿಂದೆ ಕೂರೋ ಮನೆಯಾದರೆ ಒಮ್ಮೆ ಕೂರಿಸಿ ನೋಡಿ. ನಾವು ಈಗ ಅಮ್ಮನನ್ನು ಮುಂದಿನ ಸೀಟಿನಲ್ಲೇ ಕೂರಿಸುತ್ತೇವೆ, ಸೀಟು ಪೂರ್ತಿ ಎತ್ತರಕ್ಕೆ ಏರಿಸಿ ಇಡುತ್ತೇವೆ. ಇಳಿಯುವಾಗ ಮೊದಲು ಎರಡೂ ಕಾಲು ಹೊರಗೆ, ಆಮೇಲೆ ಮೇಲಿನ ಹಿಡಿ ಹಿಡಿದು ಏಳೋದು. ಡಿಕ್ಕಿಗೆ ಮಾತ್ರ ಪೂರ್ತಿ ಅಂಕ. ಊರಿಂದ ಬರುವಾಗ ತೆಂಗಿನಕಾಯಿ ಮೂಟೆ, ಎರಡು ಹಲಸಿನ ಹಣ್ಣು, ಬಾಳೆಗೊನೆ, ನಮ್ಮ ಬ್ಯಾಗು ಎಲ್ಲ ಹಿಡಿಸುತ್ತದೆ.

ವರ್ಟಸ್‌ನ ಗ್ರೌಂಡ್ ಕ್ಲಿಯರೆನ್ಸ್ 179 ಮಿ.ಮೀ., ಸೆಡಾನ್‌ಗೆ ಒಳ್ಳೆಯದೇ. ಪಿರಿಯಾಪಟ್ಟಣದ ಆಚೆ ಈಚೆ ಇರುವ ಹಂಪ್‌ಗಳಲ್ಲಿ ಐದು ಜನ ಕೂತಿದ್ದರೂ ಇದುವರೆಗೆ ತಳ ತಾಗಿಲ್ಲ. ಊರ ಮನೆಯ ಅಂಗಳಕ್ಕೆ ಇಳಿಯುವ ಮಣ್ಣಿನ ದಾರಿಯಲ್ಲೂ ಓರೆಯಾಗಿ ಇಳಿಸಿದರೆ ಸಾಕು. ವೆರ್ನಾ ಅದಕ್ಕಿಂತ ತಗ್ಗು, ಆ ದಾರಿಗೆ ಭಾವ ಅದನ್ನು ಇಳಿಸುವುದಿಲ್ಲ, ಮೇಲೆ ರಸ್ತೆ ಬದಿಯಲ್ಲೇ ನಿಲ್ಲಿಸಿ ನಡೆದು ಬರುತ್ತಾರೆ. ಗುಂಡಿಯ ವಿಷಯ ಬೇರೆ. 14,000 ಕಿ.ಮೀ. ಆಗಿದ್ದಾಗ ಒಂದು ಮಳೆ ರಾತ್ರಿ ರಿಂಗ್ ರೋಡಿನಲ್ಲಿ ನೀರು ತುಂಬಿದ ಗುಂಡಿಗೆ ಎಡ ಮುಂದಿನ ಚಕ್ರ ಬಿತ್ತು. ಬೆಳಗ್ಗೆ ನೋಡಿದರೆ ಟೈರಿನ ಬದಿಯಲ್ಲಿ ಲಿಂಬೆ ಹಣ್ಣಿನಷ್ಟು ಉಬ್ಬು. ಉಬ್ಬಿದ ಟೈರನ್ನು ರಿಪೇರಿ ಮಾಡೋಕೆ ಬರುವುದಿಲ್ಲ, ಬದಲಾಯಿಸಲೇಬೇಕು. ಸುಮಾರು 8,000 ರೂಪಾಯಿ ಆಯಿತು. ಅಂದಿನಿಂದ ಮಳೆಯಲ್ಲಿ ನೀರು ನಿಂತಲ್ಲೆಲ್ಲ ಎರಡನೇ ಗೇರು.

ಖರ್ಚಿನ ಲೆಕ್ಕದಲ್ಲಿ ಮೊದಲ ಹೊಡೆತ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್. 10ರಿಂದ 20 ಲಕ್ಷದ ಕಾರಿಗೆ 17%, ಆ ಟ್ಯಾಕ್ಸ್ ಮೇಲೆ ಮತ್ತೆ 11% ಸೆಸ್. ಹದಿನಾರೂವರೆ ಲಕ್ಷದ ಕಾರಿಗೆ ಟ್ಯಾಕ್ಸೇ ಮೂರು ಲಕ್ಷ ದಾಟುತ್ತದೆ. ಎಕ್ಸ್ ಶೋರೂಮ್ ಬೆಲೆ ನೋಡಿ ಬಜೆಟ್ ಹಾಕಬೇಡಿ, ಇನ್ಶೂರೆನ್ಸ್ ಸೇರಿಸಿ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ. ಸರ್ವೀಸು ನನ್ನದಕ್ಕೆ 15,000 ಕಿ.ಮೀ.ಗೆ ಒಮ್ಮೆ, ಭಾವನದಕ್ಕೆ 10,000ಕ್ಕೆ ಒಮ್ಮೆ, ಇಲ್ಲಾ ವರ್ಷಕ್ಕೊಮ್ಮೆ. ನನಗೆ ಇದುವರೆಗೆ ಎರಡು ಸರ್ವೀಸಿಗೆ ಸೇರಿ 20,000 ರೂಪಾಯಿ ಒಳಗೇ ಆಗಿದೆ. ಸರ್ವೀಸ್ ಸೆಂಟರ್ ಸಣ್ಣ ಊರುಗಳಲ್ಲೂ ಸಿಗಬೇಕು ಅನ್ನೋರಿಗೆ ಹ್ಯುಂಡೈ ಅನುಕೂಲ.

ಇವತ್ತು ಮತ್ತೆ ಆರಿಸು ಅಂದರೂ ನಾನು ಇದೇ ಮ್ಯಾನುವಲ್ ವರ್ಟಸ್ ತಗೊಳ್ಳುತ್ತೇನೆ. ನನ್ನ ದಾರಿಗೆ ಇದೇ ಸರಿ. ದಿನಾ ಸಿಲ್ಕ್ ಬೋರ್ಡ್ ದಾಟೋ ಹಾಗಿದ್ದರೆ ಭಾವನ ಹಾಗೆ ವೆರ್ನಾ ಡಿಸಿಟಿಗೇ ಹೋಗುತ್ತಿದ್ದೆ. ಟೆಸ್ಟ್ ಡ್ರೈವ್ ಅಂದರೆ ಶೋರೂಮಿನವರು ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಕೊಡುತ್ತಾರೆ, ಅಲ್ವಾ? ಅಲ್ಲಿ ಎರಡೂ ಚೆನ್ನಾಗಿಯೇ ಕಾಣುತ್ತವೆ. ಬೆಳಗ್ಗೆ ಒಂಬತ್ತಕ್ಕೆ ಕಾರನ್ನು ಮನೆಗೇ ತರಿಸಿ. ಮನೆಯವರನ್ನೆಲ್ಲ ಕೂರಿಸಿಕೊಂಡು ನೀವು ದಿನಾ ಹೋಗೋ ದಾರಿಯಲ್ಲೇ ಆಫೀಸಿನ ತನಕ ಹೋಗಿ ಬನ್ನಿ. ಕೇಳಿದರೆ ಕೊಡುತ್ತಾರೆ, ನನಗೂ ಕೊಟ್ಟರು.

ನನ್ನ ಗಾಡಿಯ ಉಳಿದ ಮೂರು ಹಳೇ ಟೈರು ಈಗ ಸವೆದಿವೆ. ಮಳೆಗಾಲ ಹಿಡಿಯೋ ಮುಂಚೆ ನಾಲ್ಕೂ ಬದಲಾಯಿಸಬೇಕು. ದೊಡ್ಡ ಅಲಾಯ್ ಹಾಕಿಸು, ಲುಕ್ ಬರುತ್ತದೆ ಅಂತ ಗೆಳೆಯರು ಹೇಳುತ್ತಿದ್ದಾರೆ. ಕಂಪನಿ ಕೊಟ್ಟ 205/55 ಆರ್16 ಅಳತೆಯನ್ನೇ ಹಾಕಿಸುತ್ತೇನೆ, ಆ ಗುಂಡಿ ಇನ್ನೂ ಅಲ್ಲೇ ಇದೆ.