ಕರಿ ಪ್ಲಾಸ್ಟಿಕ್ ಎಲ್ಲಾ ಒಂದೇ ಅಲ್ಲ: ಹಳೇ ಕೀಬೋರ್ಡ್ ಮಾಡಿಸಲು ಹೋಗಿ ನಾನು ಕೆಟ್ಟ ಕಥೆ

ಮೈಸೂರಿನ ಯಾವುದಾದರೂ ಮೋಲ್ಡಿಂಗ್ ಶೆಡ್‌ನಲ್ಲಿ ಸಣ್ಣ ಪ್ಲಾಸ್ಟಿಕ್ ಭಾಗ ಮಾಡಿಸಲು ಅಡ್ವಾನ್ಸ್ ಹಿಡಿದು ಹೊರಟಿದ್ದೀರಾ? ಹತ್ತು ನಿಮಿಷ ಕೂತು ಇದನ್ನು ಓದಿ, ಆಮೇಲೆ ಹೋಗಿ. ನನ್ನ ಕೈಯಿಂದ 3,15,000 ರೂಪಾಯಿ ಹೋಯಿತು. ಅದರಲ್ಲಿ ನನ್ನದು ಬರೀ 15,000. ಉಳಿದದ್ದು ನನ್ನ ಮಾತು ನಂಬಿ ಕೊಟ್ಟ 20 ಜನರದ್ದು.

ಆ ಶೆಡ್‌ನ ಹೆಸರು ಹೇಳುವುದಿಲ್ಲ. ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಅಂತ ಇಂಥ ಶೆಡ್‌ಗಳು ಬೇಕಾದಷ್ಟಿವೆ, ಅವುಗಳಲ್ಲಿ ನಿಯತ್ತಿನವರೇ ಜಾಸ್ತಿ. ಹೆಸರು ಗೊತ್ತಾದರೆ ನೀವು ಆ ಒಂದು ಬಾಗಿಲು ತಪ್ಪಿಸಿಕೊಳ್ಳುತ್ತೀರಿ ಅಷ್ಟೇ. ನಾನು ಮಾಡಿದ ತಪ್ಪು ಯಾವ ಬಾಗಿಲಲ್ಲಿ ಬೇಕಾದರೂ ಆಗಬಹುದಿತ್ತು.

ಇದೆಲ್ಲಾ ಶುರುವಾಗಿದ್ದು ಒಂದು ಸದ್ದಿನಿಂದ. ಮಂಡ್ಯದಲ್ಲಿ ನಮ್ಮ ಸೋದರಮಾವ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದರು. ಬೇಸಿಗೆ ರಜೆಗೆ ಹೋದಾಗ ಹತ್ತು ಮಷೀನುಗಳ ಟಕಟಕ ಕೇಳುತ್ತಾ ಬೆಂಚಿನ ಮೇಲೆ ನಿದ್ದೆ ಹೋಗುತ್ತಿದ್ದೆ. ಆಮೇಲೆ ಕೆಲಸಕ್ಕೆ ಸೇರಿದೆ, ಮೆತ್ತನೆಯ ರಬ್ಬರ್ ಕೀಬೋರ್ಡುಗಳು ಬಂದವು. ಒತ್ತಿದರೆ ಒದ್ದೆ ಬಟ್ಟೆ ಒತ್ತಿದ ಹಾಗೆ. ನಾಲ್ಕು ವರ್ಷದ ಹಿಂದೆ ಅಮೆರಿಕದಿಂದ ಬಂದ ನಮ್ಮ ದೊಡ್ಡಪ್ಪನ ಮಗ ಸೂಟ್‌ಕೇಸಿನಿಂದ ಒಂದು ಐಬಿಎಂ ಮಾಡೆಲ್ ಎಫ್ ಕೀಬೋರ್ಡ್ ತೆಗೆದು ಟೇಬಲ್ ಮೇಲಿಟ್ಟ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿ ಬಿಟ್ಟಾಗ ಅದರ ಜೊತೆ ಕೊಟ್ಟಿದ್ದು ಇದೇ, 83 ಕೀಗಳದ್ದು. ತೂಕ ಎರಡೂವರೆ ಕಿಲೋಗೂ ಜಾಸ್ತಿ. ಒಂದು ಕೀ ಒತ್ತಿದೆ. ಮಾವನ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದ ಹಾಗಾಯಿತು.

ನಮ್ಮ ಕಡೆ ಗುಜರಿ ಅಂಗಡಿಯಲ್ಲಿ ಇಂಥದ್ದು ಹುಡುಕಿದರೆ ಸಿಗುವುದು ಕಷ್ಟ. ಐಬಿಎಂ 1978ರಲ್ಲೇ ಭಾರತ ಬಿಟ್ಟು ಹೋಗಿತ್ತು. ವಾಪಸ್ ಬಂದಿದ್ದು 1992ರಲ್ಲಿ, ಟಾಟಾದವರ ಜೊತೆ. ನಡುವಿನ ಆ ವರ್ಷಗಳೇ ಮಾಡೆಲ್ ಎಫ್‌ನ ಕಾಲ. ಹಾಗಾಗಿ ಹೊರಗಿನಿಂದ ತರಿಸಬೇಕು, ಇಲ್ಲ ನಾವೇ ಮಾಡಿಸಬೇಕು. ತರಿಸಿದರೂ ಹಳೆಯದು ಹಳೆಯದೇ. ಅಣ್ಣ ತಂದಿದ್ದನ್ನು ಬಿಚ್ಚಿದಾಗ ಒಳಗಿನ ಫೋಮ್ ರವೆ ಉಂಡೆ ಉದುರಿದ ಹಾಗೆ ಪುಡಿಪುಡಿಯಾಗಿ ಟೇಬಲ್ ತುಂಬಾ ಚೆಲ್ಲಿತು.

ಮುಂದಿನದು ಅರ್ಥವಾಗಬೇಕಾದರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ಸ್ವಲ್ಪ ಹೇಳಬೇಕು. ಪ್ರತಿ ಕೀ ಕೆಳಗೂ ಬ್ಯಾರಲ್ ಅಂತ ಒಂದು ಪ್ಲಾಸ್ಟಿಕ್ ಕೊಳವೆ, ಅದರೊಳಗೆ ಒಂದು ಸ್ಪ್ರಿಂಗ್. ಒತ್ತುತ್ತಾ ಹೋದರೆ ಒಂದು ಹಂತದಲ್ಲಿ ಸ್ಪ್ರಿಂಗ್ ತಡೆಯಲಾರದೆ ಸೊಂಟ ಮುರಿದುಕೊಂಡಂತೆ ಬದಿಗೆ ಬಾಗುತ್ತದೆ. ಆ ಟಕ್ ಸದ್ದು ಅದರದ್ದೇ. ಸ್ಪ್ರಿಂಗಿನ ಬುಡದಲ್ಲಿ ಫ್ಲಿಪ್ಪರ್ ಅಂತ ಒಂದು ಪುಟ್ಟ ಕರಿ ತುಂಡು ಇರುತ್ತದೆ. ಸ್ಪ್ರಿಂಗ್ ಬಾಗಿದಾಗ ಅದು ಏತದ ಹಾಗೆ ಆಡುತ್ತದೆ. ಅದರ ಕೆಳಗಿರುವ ಸರ್ಕ್ಯೂಟ್ ಬೋರ್ಡಿನಲ್ಲಿ ತಾಮ್ರದ ಪಟ್ಟಿಗಳು. ಇಲ್ಲಿ ಲೋಹಕ್ಕೆ ಲೋಹ ತಾಗುವ ಸ್ವಿಚ್ಚೇ ಇಲ್ಲ. ಫ್ಲಿಪ್ಪರ್ ಹತ್ತಿರ ಬಂದಾಗ, ದೂರ ಹೋದಾಗ ಆ ಪಟ್ಟಿಗಳ ನಡುವಿನ ಕೆಪ್ಯಾಸಿಟೆನ್ಸ್, ಅಂದರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ, ಬದಲಾಗುತ್ತದೆ. ಕಂಟ್ರೋಲರ್ ಅನ್ನುವ ಚಿಪ್ ಅದನ್ನು ಅಳೆದು ಕೀ ಒತ್ತಿದ್ದಾರೆ ಅಂತ ತಿಳಿದುಕೊಳ್ಳುತ್ತದೆ. ಇದು ನಡೆಯಲು ಫ್ಲಿಪ್ಪರ್ ಕರೆಂಟ್ ಹರಿಯುವಂಥದ್ದಾಗಿರಬೇಕು. ಅದಕ್ಕೇ ಅದನ್ನು ಕಾರ್ಬನ್ ತುಂಬಿದ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ. ಕಪ್ಪು ಬಣ್ಣ ಬಂದಿರುವುದು ಆ ಕಾರ್ಬನ್ನಿನಿಂದ, ಚೆಂದಕ್ಕಲ್ಲ.

ಈ ಒಂದು ಮಾತು ನೆನಪಿಟ್ಟುಕೊಳ್ಳಿ. ನನ್ನ ದುಡ್ಡು ಮುಳುಗಿದ್ದು ಇಲ್ಲೇ.

ಕಾಲೇಜಿನ ಗೆಳೆಯರು, ಅವರ ಗೆಳೆಯರು ಸೇರಿ ನನ್ನನ್ನೂ ಹಿಡಿದು 21 ಜನ ಆದೆವು. ತಲೆಗೆ 15,000. 64 ಕೀಗಳ ಚಿಕ್ಕ ಕೀಬೋರ್ಡ್, ಕೆಟ್ಟರೆ ಇರಲಿ ಅಂತ ಮೂರು ಜಾಸ್ತಿ ಸೇರಿಸಿ ಒಟ್ಟು 24. ಅಂದರೆ 1,536 ಫ್ಲಿಪ್ಪರ್, ಅಷ್ಟೇ ಬ್ಯಾರಲ್, ಅಷ್ಟೇ ಸ್ಪ್ರಿಂಗ್. ಸ್ಪ್ರಿಂಗ್ ಬಾಗಿಸುವ ಈ ಉಪಾಯದ ಪೇಟೆಂಟ್ 1978ರದ್ದು, ಮುಗಿದು ಎಷ್ಟೋ ಕಾಲವಾಗಿದೆ. ಐಬಿಎಂ ಹೆಸರು ಮಾತ್ರ ಹಾಕುವಂತಿಲ್ಲ, ಹಾಕುವ ಆಸೆಯೂ ಇರಲಿಲ್ಲ. ನಮ್ಮ ಆಸೆಯೇ ಬೇರೆ: ಕೀಕ್ಯಾಪ್ ಅಂದರೆ ಕೀ ಮೇಲಿನ ಟೊಪ್ಪಿ, ಅದರ ಮೇಲೆ ಕನ್ನಡ ಅಕ್ಷರ, ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸದ ಪ್ರಕಾರ. ಒಬ್ಬ ಗೆಳೆಯ ಮಗ್ ಮೇಲೆ ಫೋಟೋ ಹಾಕಿಕೊಡುವ ಅಂಗಡಿಗೇ ಕೊಡೋಣ ಅಂದ. ಅಲ್ಲಿನ ಬಿಸಿಗೆ ಎಬಿಎಸ್ ಅನ್ನುವ ಪ್ಲಾಸ್ಟಿಕ್ಕಿನ ಕ್ಯಾಪ್ ದೋಸೆಯಾಗುತ್ತದೆ, ಪಿಬಿಟಿ ಅನ್ನುವ ಪ್ಲಾಸ್ಟಿಕ್ ಆದರೆ ತಡೆಯುತ್ತದೆ ಅಂತ ಗೊತ್ತಾಗಲು ನಾಲ್ಕು ಕ್ಯಾಪ್ ಬಲಿ ಕೊಟ್ಟೆವು. ಅದು ಚಿಲ್ಲರೆ ನಷ್ಟ ಬಿಡಿ.

ಶೆಡ್‌ನ ಯಜಮಾನರು ಒಳ್ಳೆ ಮಾತುಗಾರರು. ಮೊದಲ ದಿನವೇ ಕಾಫಿ ತರಿಸಿದರು. ನನ್ನ ಫ್ಲಿಪ್ಪರ್ ತಗೊಂಡು ವರ್ನಿಯರ್ ಇಟ್ಟು ಅಳೆದು, "ಎಂಥೆಂಥದೋ ಮಾಡಿದೀವಿ, ಇದೇನ್ ಸಾರ್ ಮಹಾ" ಅಂದರು. ಬ್ಯಾರಲ್‌ಗೆ ಒಂದು ಡೈ (ಅಚ್ಚು), ಫ್ಲಿಪ್ಪರ್‌ಗೆ ಒಂದು ಡೈ, ಎರಡೂ ಸೇರಿ 1,90,000. ಕೊಟೇಶನ್ ಕೊಟ್ಟರು. ಅದರಲ್ಲಿ "ಡೈ ಡೆವಲಪ್‌ಮೆಂಟ್ ಚಾರ್ಜ್" ಅಂತ ಬರೆದಿತ್ತು. ನಾನು ಓದಿದ್ದು ಮೊತ್ತ ಮಾತ್ರ. ಆಮೇಲೆ ಅವರೇ, "ಬಿಲ್ ಬೇಕಾ ಸಾರ್? ಬೇಡ ಅಂದ್ರೆ 18 ಪರ್ಸೆಂಟ್ ನಿಮಗೇ ಉಳೀತದೆ" ಅಂದರು. ಜನರ ದುಡ್ಡು ಉಳಿಸಿದೆ ಅಂತ ನಾನು ಹಿಗ್ಗಿದೆ. ಅರ್ಧ ನಗದು, ಅರ್ಧ ಅವರ ತಮ್ಮನ ನಂಬರಿಗೆ ಫೋನ್‌ಪೇ.

ಎಲ್ಲಾ ತಪ್ಪು ಅವರದ್ದೇ ಅಂತ ಹೇಳಿದರೆ ಸುಳ್ಳಾಗುತ್ತದೆ. ಬ್ಯಾರಲ್‌ಗಳು ಕೂರುವ ತೂತಿನ ಉಕ್ಕಿನ ತಗಡುಗಳನ್ನು ಬೇರೆ ಕಡೆ ಲೇಸರ್ ಕಟಿಂಗ್ ಮಾಡಿಸಿದ್ದೆ. ಅವರು ನನ್ನ ಡ್ರಾಯಿಂಗಿನಲ್ಲಿ ಇದ್ದ ಹಾಗೇ ಕೊಯ್ದು ಕೊಟ್ಟರು. ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣದ ಲೇಪ, ಆಗಿ ಬಂದ ಮೇಲೆ ನೋಡಿದರೆ ಬ್ಯಾರಲ್ ತೂತಿಗೆ ಇಳಿಯುತ್ತಲೇ ಇಲ್ಲ. ಕೋಟಿಂಗ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪ ಕೂರುತ್ತದೆ. ತೂತಿನ ಎರಡೂ ಅಂಚಿಗೆ ಕೂತರೆ ಅಗಲದಲ್ಲಿ 0.12ರಿಂದ 0.16 ಮಿಲಿಮೀಟರ್ ಕಡಿಮೆಯಾಗುತ್ತದೆ. ಡ್ರಾಯಿಂಗಿನಲ್ಲಿ ಅದನ್ನು ಬಿಟ್ಟುಕೊಡಬೇಕಿದ್ದವನು ನಾನು. ಹೆಂಡತಿ, ಮಗಳು, ನಾನು ಮೂವರೂ ಕೂತು ಮೂರು ಭಾನುವಾರ 1,536 ತೂತು ಅರ ಹಾಕಿ ಉಜ್ಜಿದೆವು. ಮಗಳು ಒಂದು ತೂತಿಗೆ ಒಂದು ರೂಪಾಯಿಯಂತೆ ಲೆಕ್ಕ ಬರೆದಿಟ್ಟಿದ್ದಾಳೆ. ಅದೂ ಬಾಕಿ ಇದೆ.

ಸ್ಯಾಂಪಲ್ ಬಂತು. 20 ಫ್ಲಿಪ್ಪರ್. ಕಾರ್ಬನ್ ತುಂಬಿದ ಪ್ಲಾಸ್ಟಿಕ್ ಐದು ಕಿಲೋ ಬೆಂಗಳೂರಿನ ಪೀಣ್ಯದಿಂದ ನಾನೇ ತಂದುಕೊಟ್ಟಿದ್ದೆ. ನಾಲ್ಕನ್ನು ಅಣ್ಣನ ಹಳೇ ಕೀಬೋರ್ಡಿಗೆ ಹಾಕಿ ನೋಡಿದೆ, ಒಂದೂ ತಪ್ಪದೆ ಅಕ್ಷರ ಮೂಡಿತು. ಗುಂಪಿಗೆ ವಿಡಿಯೊ ಕಳಿಸಿದೆ. "ಬ್ಯಾಚ್ ಹಾಕಿ ಯಜಮಾನ್ರೇ" ಅಂತ ಶೆಡ್‌ಗೆ ಫೋನ್ ಮಾಡಿದೆ. ಬರೀ ಫೋನ್. ಯಾವ ಮೆಟೀರಿಯಲ್, ಎಷ್ಟು, ಯಾರ ಮುಂದೆ ಅಂತ ಒಂದು ಸಾಲು ಬರೆಯಲಿಲ್ಲ.

ಆಮೇಲೆ ದಸರಾ ಬಂತು. ಆಯುಧಪೂಜೆ ಕಳೀಲಿ ಸಾರ್ ಅಂದರು. ಕಳೆಯಿತು. ಹುಡುಗರು ಊರಿಗೆ ಹೋಗವ್ರೆ ಸಾರ್ ಅಂದರು. ದೀಪಾವಳಿಯೂ ಕಳೆಯಿತು. ಕೊನೆಗೆ ಎರಡು ಅಕ್ಕಿ ಚೀಲದಲ್ಲಿ ಮಾಲು ಬಂತು. ನೋಡಲು ಸ್ಯಾಂಪಲ್‌ಗಿಂತ ಚೆನ್ನಾಗಿತ್ತು, ಮಿರಮಿರ ಹೊಳೆಯುತ್ತಿತ್ತು. ಆ ಹೊಳಪು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಬಾಕಿ ದುಡ್ಡೂ ಅಲ್ಲೇ ಎಣಿಸಿ ಕೊಟ್ಟೆ.

ಮೊದಲ ಕೀಬೋರ್ಡ್ ಜೋಡಿಸಲು ಕುವೆಂಪುನಗರದ ನಮ್ಮ ಮನೆಯಲ್ಲಿ ಒಂದು ಇಡೀ ಸಂಜೆ ಹಿಡಿಯಿತು. ಕೀಬೋರ್ಡನ್ನು ಸ್ಪೇಸ್ ಬಾರ್ ಮೇಲೆ ಬರುವ ಹಾಗೆ ನೆಟ್ಟಗೆ ನಿಲ್ಲಿಸಿ ಕ್ಯಾಪ್ ಹಾಕಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಸರಿಯಾಗಿ ಕೂರುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಒತ್ತಿದೆ. ಟಕ್! ಅದೇ ಸದ್ದು, ಮಾವನ ಇನ್‌ಸ್ಟಿಟ್ಯೂಟು. ಹೆಂಡತಿ ಎದ್ದು ಬಂದು, "ರೀ, ಪಕ್ಕದ ಮನೆಯವರು ಮಲಗಿದ್ದಾರೆ" ಅಂದಳು. ಕಂಪ್ಯೂಟರಿಗೆ ಸಿಕ್ಕಿಸಿದೆ. ಒಂದು ಅಕ್ಷರವೂ ಬರಲಿಲ್ಲ. ಎಲ್ಲಾ ಕೀ ಒತ್ತಿದೆ. ಸದ್ದು ಉಂಟು, ಅಕ್ಷರ ಇಲ್ಲ.

ಎರಡು ವಾರ ನಾನು ತಪ್ಪು ಜಾಗದಲ್ಲೇ ಹುಡುಕಿದೆ. ಕಂಟ್ರೋಲರಿನಲ್ಲಿ ಹಾಕಿದ್ದು ಕ್ಯೂಎಂಕೆ ಅನ್ನುವ ಕೀಬೋರ್ಡ್ ಸಾಫ್ಟ್‌ವೇರ್. ಅದನ್ನು ಮತ್ತೆ ಹಾಕಿದೆ, ಸೆಟಿಂಗ್ ಏರಿಸಿದೆ, ಇಳಿಸಿದೆ. ಸರ್ಕ್ಯೂಟ್ ಬೋರ್ಡನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೇಬಲ್ ಬದಲಾಯಿಸಿದೆ. ಕೊನೆಗೆ ಸುಮ್ನೆ ಬೇಜಾರಿಗೆ ಒಂದು ಕೀ ಬಿಚ್ಚಿ ಹಳೇ ಸ್ಯಾಂಪಲ್ ಫ್ಲಿಪ್ಪರ್ ಹಾಕಿದೆ. ಪರದೆ ಮೇಲೆ 'ಕ' ಬಂತು. ಪಕ್ಕದ ಕೀ ಒತ್ತಿದೆ, ಖಾಲಿ. ಕರೆಂಟ್ ಹರಿಯುತ್ತದೋ ಅಂತ ನೋಡಲು ಮಲ್ಟಿಮೀಟರ್ ತಂದು ಅದರ ಎರಡು ಕಡ್ಡಿ ಇಟ್ಟೆ. ಸ್ಯಾಂಪಲ್ ತುಂಡಿನಲ್ಲಿ ರೀಡಿಂಗ್ ಬಂತು. ಬ್ಯಾಚಿನ ತುಂಡಿನಲ್ಲಿ ಏನೂ ಬರಲಿಲ್ಲ. ಚೀಲದಿಂದ ಹಿಡಿಹಿಡಿ ತೆಗೆದು ನೋಡಿದೆ, ಒಂದರಲ್ಲೂ ಇಲ್ಲ. ಬಕೆಟ್ ಮಾಡುವ ಮಾಮೂಲಿ ಪ್ಲಾಸ್ಟಿಕ್ಕಿಗೆ ಕಪ್ಪು ಬಣ್ಣ ಕಲಸಿದ್ದರು.

ಮಾರನೇ ದಿನ ಹೋದೆ. ಯಜಮಾನರು ಇರಲಿಲ್ಲ. ಮಷೀನ್ ಹತ್ತಿರ ಇದ್ದ ಮಂಡ್ಯ ಕಡೆಯ ಹುಡುಗ ಪಾಪ ಇದ್ದಿದ್ದನ್ನು ಇದ್ದ ಹಾಗೇ ಹೇಳಿಬಿಟ್ಟ. "ನಿಮ್ದು ಮೆಟೀರಿಯಲ್ಲು ಮಷೀನ್ ತೊಳ್ಯಕ್ಕೇ ಹೊಂಟೋಯ್ತು ಸಾ. ಅದೂ ಕರೀದು, ಇದೂ ಕರೀದು, ಏನಾಯ್ತದೆ ಬುಡಿ ಅಂದ್ರು." ತೊಳೆಯುವುದು ಅಂದರೆ ಪರ್ಜಿಂಗ್. ಮಷೀನಿನೊಳಗೆ ಹಿಂದಿನ ಕೆಲಸದ ಪ್ಲಾಸ್ಟಿಕ್ ಉಳಿದಿರುತ್ತದೆ. ಹೊಸ ಮೆಟೀರಿಯಲ್ ಹಾಕಿ ಅದನ್ನು ತಳ್ಳಿ ಹೊರಗೆ ಹಾಕಬೇಕು, ಅದಕ್ಕೆ ಒಂದಷ್ಟು ಪೋಲಾಗುತ್ತದೆ. ಇದು ಎಲ್ಲಾ ಕಡೆ ಇರುವುದೇ. ನನ್ನ ಕೆಲಸಕ್ಕೆ ನಿಜವಾಗಿ ಬೇಕಿದ್ದಿದ್ದು ಒಂದೆರಡು ಕಿಲೋ. ಸಾಲದಿದ್ದರೆ ಒಂದು ಫೋನ್ ಮಾಡಿದ್ದರೆ ನಾನೇ ಪೀಣ್ಯಕ್ಕೆ ಓಡುತ್ತಿದ್ದೆ.

ಯಜಮಾನರು ಸಿಕ್ಕಾಗ ಕೂಗಾಡಲಿಲ್ಲ, ಕಾಫಿಯನ್ನೇ ತರಿಸಿದರು. "ನೀವು ಕೊಟ್ಟ ಅಳತೆಗೆ ಮಾಲು ಸರಿಯಾಗಿದೆ ತಾನೆ? ಕರೆಂಟ್ ಪಾಸ್ ಆಗ್ಬೇಕು ಅಂತ ಎಲ್ಲಿ ಬರ್ದಿದೀರಿ ಸಾರ್?" ಎಲ್ಲೂ ಬರೆದಿರಲಿಲ್ಲ. ಬಾಯಲ್ಲಿ ಹತ್ತು ಸಲ ಹೇಳಿದ್ದೆ. ಸರಿ, ನನ್ನ ಡೈ ಕೊಡಿ, ಬೇರೆ ಕಡೆ ಹಾಕಿಸಿಕೊಳ್ಳುತ್ತೇನೆ ಅಂದೆ. ಅವರು ಕೊಟೇಶನ್ ತೆಗೆದು ಬೆರಳಿಟ್ಟರು. "ಡೆವಲಪ್‌ಮೆಂಟ್ ಚಾರ್ಜ್ ಅಂತಿದೆ. ಮಾಡಿಕೊಟ್ಟ ಕೂಲಿ ಅದು. ಡೈ ನಮ್ಮದು. ಬೇಕೇ ಬೇಕು ಅಂದ್ರೆ ಇನ್ನೊಂದು 80 ಸಾವಿರ ಕೊಟ್ಟು ತಗೊಂಡೋಗಿ." ಅವತ್ತಿನಿಂದ ಫೋನ್ ಎತ್ತುತ್ತಿಲ್ಲ.

ಪರಿಚಯದ ವಕೀಲರು ಎಲ್ಲಾ ಕೇಳಿ ಮೊದಲು ಕೇಳಿದ್ದು ಬಿಲ್. ಇಲ್ಲ ಅಂದೆ. ಕರಾರು ಪತ್ರ? ಇಲ್ಲ. ಮೆಟೀರಿಯಲ್ ಕೊಟ್ಟಿದ್ದಕ್ಕೆ ಚಲನ್, ಅಂದರೆ ಒಪ್ಪಿಸಿದ ಚೀಟಿ? ಇಲ್ಲ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಸಿವಿಲ್ ದಾವೆ ಹಾಕಬಹುದು, ಆದರೆ ಡೈ ದುಡ್ಡಿಗಿಂತ ನನ್ನ ಓಡಾಟವೇ ಜಾಸ್ತಿಯಾಗುತ್ತದೆ ಅಂದರು. 18 ಪರ್ಸೆಂಟ್ ಉಳಿಸಿದ ಜಾಣತನಕ್ಕೆ ನನ್ನನ್ನು ನಾನೇ ಬೈದುಕೊಂಡೆ.

ಹಾಗಾಗಿ ನೀವು ಹೋಗುವಾಗ, "ಡೈ ಗಿರಾಕಿಯ ಸ್ವತ್ತು, ಕೇಳಿದ ದಿನ ಬಿಟ್ಟುಕೊಡಬೇಕು" ಅನ್ನುವ ಸಾಲು ಕೊಟೇಶನ್ನಿನಲ್ಲೇ ಇರಲಿ. ಇಲ್ಲದಿದ್ದರೆ ಕಾಫಿ ಕುಡಿದು ಎದ್ದು ಬನ್ನಿ. ಮೆಟೀರಿಯಲ್ ನೀವೇ ಕೊಡುವುದಾದರೆ ಚಲನ್ ಮೇಲೆ ತೂಕ ಹಾಕಿಸಿ ಸಹಿ ತಗೊಳ್ಳಿ, ಪರ್ಜಿಂಗ್‌ಗೆ ಎಷ್ಟು ಹೋಗುತ್ತದೆ ಅಂತ ಮೊದಲೇ ಕೇಳಿ. ಡ್ರಾಯಿಂಗಿನಲ್ಲಿ ಅಳತೆ ಒಂದೇ ಸಾಲದು, ಆ ಭಾಗ ಏನು ಕೆಲಸ ಮಾಡಬೇಕು ಅಂತಲೂ ಬರೆಯಿರಿ. ಬ್ಯಾಚ್ ಹಾಕುವ ದಿನ ರಜೆ ಹಾಕಿ ಮಷೀನ್ ಪಕ್ಕ ನಿಂತುಕೊಳ್ಳಿ, ಮೊದಲ ಹತ್ತು ತುಂಡು ಬಿಸಿ ಇರುವಾಗಲೇ ಕೈಗೆ ತಗೊಂಡು ಪರೀಕ್ಷೆ ಮಾಡಿ. ಸ್ಯಾಂಪಲ್ ಪಾಸಾದರೆ ಪಾಸಾಗಿದ್ದು ಆ ಸ್ಯಾಂಪಲ್ ಮಾತ್ರ. ನನ್ನ ವಿಷಯದಲ್ಲಿ 400 ರೂಪಾಯಿಯ ಮಲ್ಟಿಮೀಟರ್ ಜೇಬಿನಲ್ಲಿದ್ದಿದ್ದರೆ ಸಾಕಿತ್ತು.

ಇನ್ನೊಂದು ಹೊಟ್ಟೆ ಉರಿಯುವ ಸಂಗತಿ. ಪ್ಲಾಸ್ಟಿಕ್ ಪರೀಕ್ಷೆ ಮಾಡಿಕೊಡುವ ಸಿಪೆಟ್ ನಮ್ಮ ಮೈಸೂರಿನಲ್ಲೇ ಇದೆ. ಡೈ ಮಾಡುವ ವಿದ್ಯೆ ಕಲಿಸುವ ಸರ್ಕಾರಿ ಜಿಟಿಟಿಸಿ ಕೂಡ ಇಲ್ಲೇ ಇದೆ. ವರ್ಷಗಟ್ಟಲೆ ಆ ದಾರಿಯಲ್ಲಿ ಓಡಾಡಿದ್ದೇನೆ, ಒಂದು ದಿನ ಒಳಗೆ ಹೋಗಿ ಕೇಳಲಿಲ್ಲ.

ಗೆಳೆಯರ ದುಡ್ಡು ಕೂಡಿಸುವ ಮುಂಚೆಯೂ ಯೋಚನೆ ಮಾಡಿ. ದುಡ್ಡು ಕೊಟ್ಟವರಲ್ಲಿ ಯಾರೂ ಜಗಳ ಆಡಲಿಲ್ಲ, ಅದೇ ಕಷ್ಟ. ಒಬ್ಬ ಮಾತ್ರ ಗುಂಪಿನಲ್ಲಿ ನನ್ನ ಹಳೇ ವಿಡಿಯೊ ಮತ್ತೆ ಹಾಕಿದ, ಏನೂ ಬರೆಯದೆ. ಡೈಗೆ 80 ಸಾವಿರ ಕೊಟ್ಟು ಬಿಡಿಸಿಕೊಳ್ಳೋಣ ಅಂತ ಇಬ್ಬರು ಹೇಳಿದರು. ನನಗೆ ಮತ್ತೆ ಯಾರ ದುಡ್ಡನ್ನೂ ಮುಟ್ಟುವ ಧೈರ್ಯ ಇಲ್ಲ. ಎಂಟು ಜನರಿಗೆ ಎಫ್‌ಡಿ ಮುರಿದು ವಾಪಸ್ ಕೊಟ್ಟೆ. ಉಳಿದ 12 ಜನರಿಗೆ ತಿಂಗಳಿಗೆ ಒಬ್ಬರಂತೆ ಸಂಬಳದಲ್ಲಿ ತೆಗೆದಿಟ್ಟು ಕೊಡುತ್ತಿದ್ದೇನೆ.

ಸ್ಯಾಂಪಲ್‌ನ 20 ಫ್ಲಿಪ್ಪರ್ ಹಾಕಿದ ಒಂದು ಕೀಬೋರ್ಡ್ ನನ್ನ ಟೇಬಲ್ ಮೇಲಿದೆ. 20 ಕೀ ಕೆಲಸ ಮಾಡುತ್ತವೆ, 44 ಬರೀ ಸದ್ದು ಮಾಡುತ್ತವೆ. ಮಗಳಿಗೆ ಅದೇ ಇಷ್ಟ. ಇದನ್ನು ಬರೆದಿದ್ದು 600 ರೂಪಾಯಿಯ ರಬ್ಬರ್ ಕೀಬೋರ್ಡಿನಲ್ಲಿ. ಈ ತಿಂಗಳ ಸರದಿ ಮದ್ದೂರಿನ ಗೆಳೆಯನದ್ದು, ಐದನೇ ತಾರೀಖಿಗೆ ಕಳಿಸಬೇಕು.